ಕೋಣೆ ಸರಿಯಿಲ್ಲದ ದಿನಗಳು

ಪರದೆಯ ಮೇಲೆ ಹನ್ನೊಂದು ಚುಕ್ಕಿಗಳು. ಎಡದಿಂದ ಬಲಕ್ಕೆ ಅವನ್ನು ಸೇರಿಸಿದರೆ ಒಂದು ಗೆರೆ. ಆ ಗೆರೆ ತೊಟ್ಟಿಯಲ್ಲಿ ನಿಂತ ನೀರಿನ ಹಾಗೆ ಮಟ್ಟವಾಗಿರಬೇಕಿತ್ತು. ಎಂದೂ ಹಾಗಿರಲಿಲ್ಲ. ನಾಲ್ಕನೆಯ ಚುಕ್ಕಿಯವರೆಗೆ ಆಸೆ ತೋರಿಸಿ, ಐದನೆಯದರಿಂದ ಹೆಗಲು ಇಳಿಬಿಟ್ಟವರಂತೆ ಕೆಳಕ್ಕೆ ಜಾರುತ್ತಿತ್ತು. ಒಂದೊಂದು ಚುಕ್ಕಿ ಮೂಡಲು ಹನ್ನೆರಡು ನಿಮಿಷ ಬೇಕು. ಹೀಗೆ ಹನ್ನೆರಡು ಹನ್ನೆರಡು ನಿಮಿಷ ಕಾದು, ಜಾರುವ ಗೆರೆಯನ್ನು ನೋಡಿ, ಕುರ್ಚಿಯನ್ನು ಹಿಂದಕ್ಕೆ ಒದ್ದು ಎದ್ದುಹೋಗುವುದರಲ್ಲಿ ನನ್ನ ಪ್ರಾಯದ ನಾಲ್ಕು ವರ್ಷ ಕಳೆಯಿತು.

ಆ ಗೆರೆ ಏನೆಂದು ಹೇಳದೆ ಮುಂದೆ ಹೋದರೆ ಈ ಕತೆಗೆ ಅರ್ಥವಿಲ್ಲ. ಗ್ರಾಫೀನ್ ಎನ್ನುವುದು ಇಂಗಾಲದ ಒಂದೇ ಒಂದು ಪದರ; ಅದರಲ್ಲಿ ಪರಮಾಣುಗಳು ಜೇನುಗೂಡಿನ ಕಣ್ಣುಗಳ ಮೂಲೆಮೂಲೆಯಲ್ಲಿ ಕೂತಿರುತ್ತವೆ. ನಾವು ಮಾಡುತ್ತಿದ್ದುದು ಅದರ ನಕಲು. ಉಗುರಿನಷ್ಟಗಲದ ಅರೆವಾಹಕದ ಚಿಪ್ಪು, ಅದರ ಮೈಯ ಕೆಳಗೆ ಎಲೆಕ್ಟ್ರಾನುಗಳ ತೆಳುಪದರ. ಮೇಲಿನಿಂದ ಜೇನುಗೂಡಿನ ಆಕಾರದಲ್ಲಿ ಕುಳಿಗಳನ್ನು ಕೊರೆದರೆ ಕೆಳಗಿರುವ ಎಲೆಕ್ಟ್ರಾನುಗಳು ತಾವು ಗ್ರಾಫೀನಿನಲ್ಲೇ ಇದ್ದೇವೆಂದು ನಂಬಿ ನಡೆದುಕೊಳ್ಳುತ್ತವೆ. ಒಂದು ತಲೆಕೂದಲ ದಪ್ಪದಲ್ಲಿ ಸಾವಿರ ಕುಳಿ ಸಾಲಾಗಿ ಕೂರಬೇಕು. "ಇಂಗಾಲದಲ್ಲಿ ನಮ್ಮ ಮಾತು ನಡೆಯಲ್ಲ ಕಣಮ್ಮ, ನಾವೇ ಕೊರೆದದ್ದರಲ್ಲಾದರೂ ನಡೀಬೇಕು" ಎನ್ನುತ್ತಿದ್ದರು ನನ್ನ ಮಾರ್ಗದರ್ಶಕರಾದ ಪ್ರೊಫೆಸರ್ ಧರಣೇಂದ್ರಯ್ಯ.

ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಓಡಾಡುವ ಜಾತಿ. ಅವುಗಳ ಓಟ ಬದಲಾದರೆ ಶಕ್ತಿಯೂ ಬದಲಾಗುತ್ತದೆ. ಗೆರೆ ಏರುತ್ತದೆ ಇಲ್ಲವೇ ಇಳಿಯುತ್ತದೆ. ಆದರೆ ಗೂಡಿನ ಆಕಾರ ಪಕ್ಕಾ ಇದ್ದರೆ ಶಕ್ತಿಯ ಒಂದು ಪಟ್ಟಿಯಲ್ಲಿ ವಿಚಿತ್ರ ನಡೆಯುತ್ತದೆ. ಎಲೆಕ್ಟ್ರಾನಿನ ಅಲೆ ಹೊರಗೆ ಕಾಲಿಡಲು ನೋಡಿದ ಪ್ರತಿಯೊಂದು ದಾರಿಯಲ್ಲೂ ಇನ್ನೊಂದು ಅಲೆ ಎದುರಾಗಿ ಅದನ್ನು ಅಳಿಸಿಬಿಡುತ್ತದೆ. ಯಾರೂ ಕಟ್ಟಿಹಾಕದಿದ್ದರೂ ಅದು ನಿಂತಲ್ಲೇ ನಿಲ್ಲುತ್ತದೆ. ಆಗ ಗೆರೆ ಮಟ್ಟ. ಅದಕ್ಕೇ ಅದನ್ನು ಚಪ್ಪಟೆ ಪಟ್ಟಿ ಎನ್ನುತ್ತಾರೆ. ಗೂಡುಗಳು ಕೂದಲೆಳೆಯ ಹತ್ತು ಸಾವಿರದಲ್ಲೊಂದು ಭಾಗ ಪಕ್ಕಕ್ಕೆ ವಾಲಿದರೂ ಸಾಕು, ಎಲೆಕ್ಟ್ರಾನುಗಳಿಗೆ ಸೋರಿಹೋಗಲು ಸಂದು ಸಿಗುತ್ತದೆ, ಗೆರೆ ಜಾರುತ್ತದೆ. ನನ್ನದು ಜಾರುತ್ತಿತ್ತು.

ಕುಳಿಗಳ ವಿನ್ಯಾಸವನ್ನು ಬರೆಯುವ ಯಂತ್ರ ಸಂಸ್ಥೆಯ ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿತ್ತು. ಅದರ ಒಡತಿ ತಿರುಮಲಮ್ಮ. ಒಡತಿ ಎನ್ನುವುದು ನನ್ನ ಸಿಟ್ಟಿನ ಮಾತು. ಕಾಗದದ ಮೇಲೆ ಅವರು ಸಹಾಯಕ ತಂತ್ರಜ್ಞೆ. ರಸಾಯನ ವಿಭಾಗದಲ್ಲಿ ಗಾಜಿನ ಪಾತ್ರೆ ತೊಳೆಯಲು ಸೇರಿದ್ದವರು. ಯಂತ್ರ ಬಂದ ಹೊಸದರಲ್ಲಿ ತರಬೇತಾದ ಇಂಜಿನಿಯರು ಬೇರೆ ಕಡೆ ಹೋಗಿಬಿಟ್ಟರಂತೆ. ಯಂತ್ರ ಜೋಡಿಸಲು ಬಂದಿದ್ದವನು, ಬಾಗಿಲ ಬಳಿ ನಿಂತು ದಿನವೂ ನೋಡುತ್ತಿದ್ದ ಈ ಹೆಂಗಸಿಗೇ ಒಂಬತ್ತು ದಿನ ಪಾಠ ಹೇಳಿ ಹೊರಟುಹೋದನಂತೆ. ಅಂದಿನಿಂದ ಹನ್ನೊಂದು ವರ್ಷ ಅವರೇ. ನೀಲಿ ನಿಲುವಂಗಿ, ಕಿವಿ ಮುಚ್ಚುವ ಟೋಪಿ, ಕಾಲಿಗೆ ಒಂದು ಕಂದು ಒಂದು ನೀಲಿ ಉಣ್ಣೆಯ ಕಾಲುಚೀಲ.

ಬೆಳಿಗ್ಗೆ ಒಂಬತ್ತಕ್ಕೆ ನಾನು ಚಿಪ್ಪುಗಳ ಡಬ್ಬಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ.

"ಇವತ್ತಾಗಲ್ಲ."

"ಯಾಕೆ?"

"ಕೋಣೆ ಸರಿಯಿಲ್ಲ."

"ಕೋಣೆಗೇನಾಗಿದೆ? ನೆನ್ನೆ ಇದ್ದ ಹಾಗೇ ಇದೆಯಲ್ಲ."

"ನೆನ್ನೆನೂ ಸರಿಯಿರ್ಲಿಲ್ಲ. ನೆನ್ನೆನೂ ಹೇಳ್ದೆ."

ಇಷ್ಟೇ. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಗಾಜಿನ ಕಿಂಡಿಯಿಂದ ಇಣುಕಿದರೆ ಅವರು ಯಂತ್ರದ ಮುಂದೆ ಕೂತು ಏನನ್ನೋ ಬರೆಯುತ್ತಲೇ ಇರುತ್ತಿದ್ದರು. ನನ್ನ ಚಿಪ್ಪಿಗಿಲ್ಲದ ಸಮಯ ಯಾವುದೋ ಹಳೆಯ ತುಣುಕಿನ ಮೇಲೆ ಸಣ್ಣಸಣ್ಣ ಕೂಡು ಗುರುತುಗಳನ್ನು ಗೀಚುವುದಕ್ಕೆ ಇತ್ತು! ನನಗೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತಿತ್ತು. ಒಮ್ಮೊಮ್ಮೆ ನನ್ನ ಹಟಕ್ಕೆ ಸೋತು ಕೊರೆದು ಮುಗಿಸಿದ ಚಿಪ್ಪನ್ನೂ ಕೊಡುತ್ತಿರಲಿಲ್ಲ. "ಇದು ಬೇಡ, ಬಿಸಾಕು" ಎನ್ನುವರು. ಹಟ ಹಿಡಿದು ಕಿತ್ತುಕೊಂಡು ಹೋಗಿ, ದ್ರವ ಹೀಲಿಯಂ ಸುರಿದು ತಣಿಸಿ ಅಳೆದರೆ ಅದೇ ಜಾರುವ ಗೆರೆ. ಅವರು ಹೇಳಿದ್ದೇ ಸರಿಯಾಗಿತ್ತಲ್ಲ ಎಂಬುದು ನನಗೆ ಆಗ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅಪಶಕುನ ನುಡಿದು ಕಳಿಸಿದರು ಎಂದುಕೊಂಡೆ.

ನಲವತ್ತೊಂದು ಚಿಪ್ಪು ಕಳೆದಿದ್ದವು. ನಲವತ್ತೆರಡನೆಯದಕ್ಕೆ ಹನ್ನೊಂದು ದಿನ ಕಾಯಿಸಿದರು. ಹನ್ನೆರಡನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ತಾವೇ ಮೆಟ್ಟಿಲು ಹತ್ತಿ ಬಂದು ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, "ಇದು ನೋಡು" ಎಂದು ಹೋದರು.

ಒಂದು, ಎರಡು, ಮೂರು. ನಾಲ್ಕನೆಯದೂ ಸರಿ. ಐದನೆಯ ಚುಕ್ಕಿಗೆ ನಾನು ಮುಖ ತಿರುಗಿಸಿ ಕೂತೆ. ತಿರುಗಿ ನೋಡಿದಾಗ ಅದು ಜಾರಿರಲಿಲ್ಲ. ಆರು, ಏಳು. ಹನ್ನೊಂದನೆಯದು ಬರುವಷ್ಟರಲ್ಲಿ ಧರಣೇಂದ್ರಯ್ಯನವರು ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. ಗೆರೆ ಮಟ್ಟವಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಪರದೆಗೆ ಸ್ಕೇಲು ಹಿಡಿದು ನೋಡಿದರು. ಅರವತ್ತು ವರ್ಷದ ಮನುಷ್ಯ, "ಅಯ್ಯೋ, ನಿಂತುಬಿಟ್ಟಿವೆ ಕಣೇ!" ಎಂದು ಕೂಗಿ ಹೊರಗೆ ಓಡಿದರು.

ಸಂತೋಷ ಹತ್ತು ದಿನ ಉಳಿಯಿತು. ಒಂದೇ ಚಿಪ್ಪಿನ ಮಾತನ್ನು ಯಾರೂ ನಂಬುವುದಿಲ್ಲ, ಇನ್ನೆರಡಾದರೂ ಬೇಕು. ದೂರದ ಇನ್ನೊಂದು ಪ್ರಯೋಗಾಲಯದವರು ಇದೇ ಕೆಲಸದಲ್ಲಿದ್ದಾರೆಂಬ ಸುದ್ದಿ ಬೇರೆ. ನಾನು ನೆಲಮಾಳಿಗೆಗೆ ಓಡಿದೆ.

"ಇಪ್ಪತ್ತು ದಿನ ಆಗುತ್ತೆ" ಎಂದರು ತಿರುಮಲಮ್ಮ.

"ಇಪ್ಪತ್ತು ದಿನಾನಾ? ಅಷ್ಟರಲ್ಲಿ ಅವರು ಪ್ರಕಟಿಸಿಬಿಟ್ಟರೆ?"

"ಪ್ರಕಟಿಸ್ಲಿ. ನನ್ನ ಕೋಣೆಗೆ ಅದೆಲ್ಲ ಏನು ಗೊತ್ತು?"

ಮರುವಾರವೇ ಅವರನ್ನು ಆ ಕೋಣೆಯಿಂದ ಎತ್ತಿ ರಸಾಯನ ವಿಭಾಗದ ಉಗ್ರಾಣಕ್ಕೆ ಹಾಕಿದರು. ಆಸಿಡ್ಡಿನ ಸೀಸೆ ಕೊಡುವ, ಖಾಲಿ ಸೀಸೆ ಹಿಂದೆ ಪಡೆಯುವ ಕೆಲಸ. ಯಾರೋ ದೂರು ಕೊಟ್ಟಿದ್ದಾರಂತೆ ಎಂದು ಕಾರಿಡಾರಿನಲ್ಲಿ ಮಾತಾಡಿಕೊಂಡರು. ನಾನೂ ಅವರ ಜೊತೆ ನಿಂತು ಹೌದಂತೆ ಎಂದೆ.

ತಿರುಮಲಮ್ಮನವರ ಜಾಗಕ್ಕೆ ಸಮೀವುಲ್ಲಾ ಬಂದ. ಚುರುಕಾದ ಹುಡುಗ ಎನ್ನುವ ವಯಸ್ಸು ದಾಟಿದ್ದವನು, ಮೂವತ್ತೆರಡೋ ಮೂವತ್ತಮೂರೋ. ಇಂಥ ಯಂತ್ರಗಳನ್ನೇ ಓದಿ ಪದವಿ ಪಡೆದಿದ್ದ. ಬೆಳಿಗ್ಗೆ ಕೊಟ್ಟರೆ ಸಂಜೆ ನಾಲ್ಕಕ್ಕೆ ಚಿಪ್ಪು ಸಿದ್ಧ, ಮೇಲೊಂದು ನಗು. ನನಗೆ ಸ್ವರ್ಗ ಸಿಕ್ಕಂತಾಗಿತ್ತು. ಮೊದಲ ಚಿಪ್ಪನ್ನು ಅಳೆದೆ. ಐದನೆಯ ಚುಕ್ಕಿಯಿಂದ ಗೆರೆ ಜಾರಿತು. ಎರಡನೆಯದು ಜಾರಿತು. ಎಂಟನೆಯದು, ಇಪ್ಪತ್ತನೆಯದು. ಸಮೀವುಲ್ಲಾನ ಮೇಲೆ ರೇಗಿದೆ. ಅವನು ಪಾಪ, ಮತ್ತೆ ಮತ್ತೆ ಯಂತ್ರ ಬಿಚ್ಚಿ ಜೋಡಿಸಿದ. ಅಳೆಯುವ ಲೇಸರನ್ನು ಬೈದೆ, ಹೀಲಿಯಂ ತರುವವರನ್ನು ಬೈದೆ. ಆರು ತಿಂಗಳು ನಾನು ಯಾರ ಜೊತೆಯೂ ನೆಟ್ಟಗೆ ಮಾತಾಡಿದ ನೆನಪಿಲ್ಲ.

ಹಾಗಾದರೆ ಆ ಒಳ್ಳೆಯ ಚಿಪ್ಪನ್ನೇ ಮತ್ತೊಮ್ಮೆ ಅಳೆದು ತೋರಿಸಬಹುದಿತ್ತಲ್ಲ ಎಂದು ಕೇಳಬಹುದು. ಅದನ್ನು ನಾನೇ ಒಡೆದಿದ್ದೆ. ಹೊರಗಿನಿಂದ ಪರಿಶೀಲನಾ ಸಮಿತಿಯವರು ಬಂದಿದ್ದ ದಿನ ಬೇಗ ತೋರಿಸುವ ಹಂಬಲದಲ್ಲಿ, ಹೀಲಿಯಮಿನ ಚಳಿಯಿಂದ ಅದನ್ನು ನಿಧಾನವಾಗಿ ಬಿಸಿಗೆ ತರದೆ ಹೊರಗೆ ತೆಗೆದೆ. ಟಿಕ್ ಎಂದಿತು, ಅಷ್ಟೆ. ಎರಡು ತುಂಡು.

ಒಂದು ಮಧ್ಯಾಹ್ನ ಧರಣೇಂದ್ರಯ್ಯನವರು ತಮ್ಮ ಕೋಣೆಗೆ ಕರೆದರು. ಕೂರು ಎನ್ನಲಿಲ್ಲ.

"ಆ ಗೆರೆ ನಿಜವಾಗ್ಲೂ ಬಂದಿತ್ತೇನಮ್ಮ?"

"ಸಾರ್, ನೀವೇ ಸ್ಕೇಲು ಹಿಡಿದು ನೋಡಿದ್ರಿ."

"ಪರದೆ ನೋಡ್ದೆ. ಪರದೆ ಮೇಲೆ ಚುಕ್ಕಿ ಹೇಗೆ ಬಂತು ಅಂತ ನಾನು ನೋಡ್ಲಿಲ್ಲ." ಅವರು ಕಿಟಕಿಯತ್ತ ತಿರುಗಿದರು. "ಒಂದು ಚಿಪ್ಪು. ಅದೂ ಒಡೆದುಹೋಯ್ತು. ಆಮೇಲೆ ಮೂವತ್ತು ಚಿಪ್ಪಲ್ಲಿ ಒಂದೂ ಇಲ್ಲ. ಸಮಿತಿಯವರು ನನ್ನನ್ನ ಕೇಳ್ತಾ ಇದಾರೆ. ನಾನು ಏನು ಹೇಳ್ಲಿ?"

ನಾನು ಚುಕ್ಕಿಗಳನ್ನು ಕೈಯಾರೆ ಇಟ್ಟಿರಬಹುದು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು. ಕಾರಿಡಾರಿಗೆ ಬಂದು ಗೋಡೆಗೆ ಒರಗಿ ನಿಂತೆ. ನಾಲ್ಕು ವರ್ಷ ದುಡಿದು ಕೊನೆಗೆ ಸುಳ್ಳುಗಾತಿ ಎನಿಸಿಕೊಂಡು ಹೊರಡುವುದು! ಅಂದು ಸಂಜೆಯೊಳಗೆ ನನ್ನ ಕಾಲು ನನ್ನನ್ನು ರಸಾಯನ ಉಗ್ರಾಣದ ಮುಂದೆ ತಂದು ನಿಲ್ಲಿಸಿತ್ತು.

ತಿರುಮಲಮ್ಮ ಕಟಕಟೆಯ ಆಚೆ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದರು. ತಲೆಯೆತ್ತಲಿಲ್ಲ.

"ಏನು ಬೇಕು? ಅಸಿಟೋನಾ?"

"ಇಲ್ಲ. ಚಿಪ್ಪು ಬರ್ತಾ ಇಲ್ಲ."

"ಹೊಸಬರಿದಾರಲ್ಲ, ಓದಿರೋರು."

"ಆ ನಲವತ್ತೆರಡನೇದಕ್ಕೆ ನೀವು ಏನು ಮಾಡಿದ್ರಿ?"

"ಏನೂ ಮಾಡಿಲ್ಲ. ಕಾದೆ."

ನನಗೆ ಮತ್ತೆ ಅದೇ ಹಳೆಯ ಸಿಟ್ಟು ನೆತ್ತಿಗೇರಿತು. "ಯಾವುದಕ್ಕೆ ಕಾದ್ರಿ? ಅದನ್ನ ಬಾಯಿಬಿಟ್ಟು ಹೇಳಿ! ಕೋಣೆ ಸರಿಯಿಲ್ಲ, ಕೋಣೆ ಸರಿಯಿಲ್ಲ. ಸರಿಯಿಲ್ಲ ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು?"

ಅವರು ಕೈಯಲ್ಲಿದ್ದ ಚೀಟಿಯನ್ನು ಸೀಸೆಗೆ ಒತ್ತಿ, ಅಂಚನ್ನು ಹೆಬ್ಬೆರಳಿನಿಂದ ನೀವಿ, ಆಮೇಲೆ ಮಾತಾಡಿದರು. "ಒಂದು ಕೂಡು ಗುರುತು ಬರೀತೀನಿ. ಒಂದು ಗಂಟೆ ಬಿಟ್ಟು ಅದರ ಮೇಲೇ ಇನ್ನೊಂದು ಬರೀತೀನಿ. ಎರಡೂ ಒಂದರ ಮೇಲೊಂದು ಕೂತ್ರೆ ಕೋಣೆ ಸರಿ. ಪಕ್ಕಕ್ಕೆ ಸರಿದಿದ್ರೆ, ಆ ಒಂದು ಗಂಟೇಲಿ ನಿನ್ನ ಜೇನುಗೂಡೂ ಅಷ್ಟೇ ಸರಿಯುತ್ತೆ. ಯಾಕೆ ಸರಿಯುತ್ತೆ ಅಂತ ನಂಗೊತ್ತಿಲ್ಲ. ಸರಿಯುತ್ತೆ ಅಂತ ಗೊತ್ತು. ದಿನಾನೂ ಬರೆದಿಟ್ಟಿದೀನಿ, ಹನ್ನೊಂದು ವರ್ಷದ್ದು. ಮೂರು ಪುಸ್ತಕ ಆ ಕೋಣೆ ಕಪಾಟಲ್ಲೇ ಇದೆ."

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ನೀನು ಮೊದಲನೇ ಸಲ ಬಂದ ದಿನ ಹೇಳಿದೀನಿ. ನೀನು ಕೈಗಡಿಯಾರ ನೋಡ್ತಾ ಇದ್ದೆ." ಈಗ ಅವರು ನನ್ನ ಮುಖ ನೋಡಿದರು. "ಕೂಡು ಗುರುತಿನ ವಿಷಯ ಕಾಗದದಲ್ಲೂ ಬರೆದಿದ್ದೀಯಲ್ಲ. ಬೇಡದ ಗುರುತು ಗೀಚಿ ದಿನಾ ಎರಡು ಗಂಟೆ ಹಾಳುಮಾಡ್ತಾರೆ ಅಂತ. ಕಚೇರೀಲಿ ನನಗೂ ಒಂದು ಪ್ರತಿ ಕೊಟ್ರು. ಎರಡೂವರೆ ಪುಟ. ಅಕ್ಷರ ಚೆನ್ನಾಗಿದೆ."

ಹೌದು. ಆ ದೂರನ್ನು ಬರೆದವಳು ನಾನೇ. ಧರಣೇಂದ್ರಯ್ಯನವರು, "ನಿನ್ನ ತೊಂದರೆ ಏನು ಅಂತ ಕಾಗದದ ಮೇಲೆ ಬರೆದುಕೊಡು" ಎಂದಿದ್ದರು. ಒಂದು ಪುಟ ಸಾಕಾಗಿತ್ತು. ನಾನು ಒಂದು ಭಾನುವಾರ ಇಡೀ ಕೂತು, ವಾಕ್ಯಗಳನ್ನು ತಿದ್ದಿ ತೀಡಿ, ಎರಡೂವರೆ ಪುಟ ಬರೆದಿದ್ದೆ. ಬರೆಯುವಾಗ ಹಿತವೆನಿಸಿತ್ತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ; ಹಿತವೆನಿಸಿತ್ತು ಎಂಬುದನ್ನು.

"ವಾಪಸ್ ಬನ್ನಿ" ಎಂದೆ. ಕ್ಷಮಿಸಿ ಎಂಬ ಮಾತು ಆಗ ಬಾಯಿಗೆ ಬರಲಿಲ್ಲ.

"ನೀನು ಕರೆದ್ರೆ ಬರೋಕ್ಕೆ, ನೀನು ಕಳಿಸಿದ್ರೆ ಹೋಗೋಕ್ಕೆ ನಾನೇನು ತಳ್ಳುಗಾಡಿನಾ?" ಅವರ ದನಿ ಏರಲಿಲ್ಲ. "ಬುಧವಾರ ಎಲ್ಲಾರೂ ಸೇರ್ತೀರಲ್ಲ ಮೇಲೆ. ಆ ಕಾಗದ ಅಲ್ಲಿ ಓದು. ಗಟ್ಟಿಯಾಗಿ. ಅದರಲ್ಲಿ ಯಾವುದು ನಿಜ, ಯಾವುದು ಸುಳ್ಳು, ನೀನೇ ಹೇಳು. ಆಮೇಲೆ ನೋಡೋಣ."

ನಾನು ಕಪಾಟಿನಿಂದ ಆ ಮೂರು ಪುಸ್ತಕ ತೆಗೆಸಿದೆ. ದುಂಡಗಿನ ಅಕ್ಷರ, ಕನ್ನಡ ಅಂಕಿಗಳು. ದಿನಾಂಕ, ವಾರ, ಹೊತ್ತು, ಗುರುತು ಎಷ್ಟು ಸರಿಯಿತು, ಯಾವ ಕಡೆಗೆ. ನಾನು ಹಟಮಾಡಿ ಕೊರೆಸಿಕೊಂಡ ಪ್ರತಿಯೊಂದು ಚಿಪ್ಪಿನ ದಿನದ ಮುಂದೆಯೂ 'ಸರಿಯಿಲ್ಲ' ಎಂದಿತ್ತು. ನಲವತ್ತೆರಡನೆಯದರ ಮುಂದೆ ಸೊನ್ನೆ. ಸಮೀವುಲ್ಲಾ ನನ್ನ ಹೆಗಲ ಮೇಲಿಂದ ನೋಡುತ್ತ, "ಮೇಡಂ, ಸರಿಯಿಲ್ಲದ ದಿನ ಎಲ್ಲಾ ಮಂಗಳವಾರ, ಗುರುವಾರ, ಶನಿವಾರ ಜಾಸ್ತಿ ಇದೆ ನೋಡಿ" ಎಂದ. ಆ ದಿನಗಳು ಮೇಲಿನ ಮಹಡಿಯಲ್ಲಿ ರಸಾಯನದ ಪ್ರಾಯೋಗಿಕ ತರಗತಿಗಳು. ಹೊಗೆ ಎಳೆಯುವ ದೊಡ್ಡ ಫ್ಯಾನು ಅಲ್ಲಿ ತಿರುಗಿದರೆ ನಮ್ಮ ನೆಲಮಾಳಿಗೆಯ ತಣ್ಣನೆಯ ಗಾಳಿಯೂ ಅದೇ ಕೊಳವೆಯಲ್ಲಿ ಏರುತ್ತಿತ್ತು. ಕೋಣೆ ಅರ್ಧ ಡಿಗ್ರಿ ಬಿಸಿಯಾಗುತ್ತಿತ್ತು. ಯಂತ್ರದ ಪೀಠ ಅಷ್ಟಕ್ಕೇ ಹಿಗ್ಗುತ್ತಿತ್ತು. ಫ್ಯಾನು ನಿಂತಮೇಲೂ ಗೋಡೆಗಳು ತಣಿಯಲು ಒಂದು ದಿನ ಹಿಡಿಯುತ್ತಿತ್ತು, ಹೀಗೆ ನಡುವಿನ ದಿನಗಳೂ ಬಹುಪಾಲು ಕೆಡುತ್ತಿದ್ದವು. ನನ್ನ ಹನ್ನೊಂದು ದಿನದ ಕಾಯುವಿಕೆ ಪರೀಕ್ಷೆಯ ಕಾಲದ್ದಾಗಿತ್ತು. ಮೇಲೆ ಫ್ಯಾನು ದಿನವೂ ತಿರುಗಿತ್ತು.

ಬುಧವಾರದ ಸಭೆಯಲ್ಲಿ ಹದಿನಾಲ್ಕು ಜನರಿದ್ದರು. ತಿರುಮಲಮ್ಮ ಕೊನೆಯ ಸಾಲಿನಲ್ಲಿ ಕೂತರು. ಅಪರೂಪಕ್ಕೆ ನಿಲುವಂಗಿಯಿಲ್ಲದೆ ಸೀರೆಯಲ್ಲಿ ಅವರನ್ನು ನೋಡಿದೆ. ನಾನು ಎದ್ದು ಓದತೊಡಗಿದೆ. "ಕಾರಣ ತಿಳಿಸದೆ ಕೆಲಸವನ್ನು ಮುಂದೂಡುತ್ತಾರೆ." ತಿಳಿಸಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ ಎಂದೆ. "ಬೇಡದ ಗುರುತುಗಳನ್ನು ಗೀಚುತ್ತಾರೆ." ಆ ಗುರುತುಗಳು ಏನೆಂದು ಹೇಳಿ ಪುಸ್ತಕಗಳನ್ನು ಮುಂದಿಟ್ಟೆ. ಧರಣೇಂದ್ರಯ್ಯನವರು ಕುರ್ಚಿಯಲ್ಲಿ ಮಿಸುಕಾಡುತ್ತಿದ್ದರು. ಮೂರನೆಯ ಪುಟಕ್ಕೆ ಬಂದಾಗ ನನ್ನ ನಾಲಿಗೆ ಹೊರಳಲಿಲ್ಲ.

"ಸಾಕಮ್ಮ, ಸಾಕು. ಅರ್ಥ ಆಯ್ತು" ಎಂದರು ಅವರು.

"ಪೂರ್ತಿ ಓದ್ಲಿ ಸಾರ್" ಎಂದಿತು ಹಿಂದಿನ ಸಾಲಿನ ದನಿ.

ಓದಿದೆ. "ಲೋಟ ತೊಳೆಯಲು ಬಂದವರ ಕೈಗೆ ಇಂಥ ಯಂತ್ರವನ್ನು ಒಪ್ಪಿಸಿರುವುದು ಈ ಸಂಸ್ಥೆಗೆ ಶೋಭೆಯಲ್ಲ." ಇದಕ್ಕೆ ಸುಳ್ಳು ಎಂದು ಹೇಳಿದರೂ ಸಾಲದು, ಏನು ಹೇಳಬೇಕೋ ನನಗೆ ಗೊತ್ತಿಲ್ಲ ಎಂದೆ. ಧರಣೇಂದ್ರಯ್ಯನವರು ಕೊನೆಗೆ ಎದ್ದು, "ಬರೆದುಕೊಡು ಅಂದವನು ನಾನು" ಎಂದರು. ಅದು ಅವರಿಂದ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಕಚೇರಿಯವರು ಕದಲಲು ಮತ್ತೆ ಏಳು ವಾರ ತೆಗೆದುಕೊಂಡರು. ಹೋದ ಕಾಗದವನ್ನು ಹಿಂದೆ ಪಡೆಯುವ ನಮೂನೆಯೇ ಇಲ್ಲವಂತೆ! ದಿನವೂ ಹೋಗಿ ಅವರ ಮೇಜಿನ ಮುಂದೆ ನಿಲ್ಲುತ್ತಿದ್ದೆ. ತಿರುಮಲಮ್ಮ ಹಿಂದಿರುಗಿದ ದಿನವೇ ಮೇಲಿನ ಫ್ಯಾನಿಗೆ ಬೇರೆ ಕೊಳವೆ ಹಾಕಿಸಬೇಕೆಂದು ಹಟ ಹಿಡಿದರು. ಅದಕ್ಕೆ ಇನ್ನೊಂದು ತಿಂಗಳು. ಕೊಳವೆ ಜೋಡಿಸಿದ ಮೇಲೂ ನನಗೆ ಹೇಳಿದ ಮೊದಲ ಮಾತು, "ಇವತ್ತಾಗಲ್ಲ." ನಾನು ತುಟಿ ಕಚ್ಚಿಕೊಂಡು ಮೆಟ್ಟಿಲು ಹತ್ತಿದೆ. ನನ್ನೊಡನೆ ಅವರು ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಸಮೀವುಲ್ಲಾನನ್ನು ಮಾತ್ರ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಕಲಿಸಿದರು.

ಅಷ್ಟರಲ್ಲಿ ದೂರದವರ ಲೇಖನ ಪ್ರಕಟವಾಯಿತು. ಅವರ ಗೆರೆಯೂ ಮಟ್ಟವಾಗಿತ್ತು. ನಾವು ಎರಡನೆಯವರಾದೆವು. ಆ ಲೇಖನವನ್ನು ನಾನು ನಿಂತೇ ಓದಿ, ಮಡಿಸಿ, ಮೇಜಿನ ಖಾನೆಗೆ ಎಸೆದೆ. ನನ್ನ ಆ ಭಾನುವಾರದ ಎರಡೂವರೆ ಪುಟ ಇಲ್ಲದಿದ್ದರೆ ನಾವು ಮೊದಲಿಗರಾಗುತ್ತಿದ್ದೆವು ಎಂಬ ಲೆಕ್ಕ ಇಂದಿಗೂ ನನಗೆ ಒಮ್ಮೊಮ್ಮೆ ಊಟದ ನಡುವೆ ನೆನಪಾಗಿ ತುತ್ತು ನಿಲ್ಲುತ್ತದೆ.

ಆದರೂ ಚಿಪ್ಪುಗಳು ಬಂದವು. ಮೂರು. ಮೊದಲನೆಯದನ್ನು ತಣಿಸಲು ಇಟ್ಟ ಬೆಳಿಗ್ಗೆ ನಾನು ನೆಲಮಾಳಿಗೆಗೆ ಹೋಗಿ ತಿರುಮಲಮ್ಮನವರನ್ನು ಅಳೆಯುವ ಕೋಣೆಗೆ ಕರೆದೆ. ಹನ್ನೊಂದು ವರ್ಷದಲ್ಲಿ ಅವರು ಕೊರೆದುಕೊಟ್ಟ ಚಿಪ್ಪುಗಳು ಮೇಲೆ ಏನಾಗುತ್ತವೆ ಎಂದು ಅವರಿಗೆ ಯಾರೂ ತೋರಿಸಿರಲಿಲ್ಲ. ಕೆಲಸ ಮುಗಿಸಿ ಮಧ್ಯಾಹ್ನ ಬಂದರು. ಮನೆಗೆ ಹೊರಟಂತೆ ಬಟ್ಟೆಯ ಚೀಲವೊಂದನ್ನು ಹಿಡಿದೇ ಬಂದರು. ಕುರ್ಚಿ ಎಳೆದುಕೊಟ್ಟೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಮೊದಲ ಚುಕ್ಕಿ ಮೂಡಿತು.

"ಇಷ್ಟೇನಾ?"

"ಇಷ್ಟೇ. ಇನ್ನು ಹತ್ತು ಬರಬೇಕು."

"ಅವು ನಿಂತಲ್ಲೇ ನಿಂತಿರ್ತವೆ ಅಂತೀಯಲ್ಲ. ನಿಂತು ಏನು ಮಾಡ್ತವೆ?"

ನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಹೀಗೆ ಕೇಳಿರಲಿಲ್ಲ. ಯೋಚಿಸಿ ಹೇಳಿದೆ. "ಓಡ್ತಾ ಇರುವಾಗ ಅವಕ್ಕೆ ಪಕ್ಕದಲ್ಲಿ ಯಾರಿದಾರೆ ಅಂತ ಗೊತ್ತಾಗಲ್ಲ. ಓಟ ನಿಂತ ಮೇಲೆ ಒಂದನ್ನೊಂದು ಗಮನಿಸೋಕೆ ಶುರುಮಾಡ್ತವೆ. ಆಮೇಲೆ ಏನಾಗುತ್ತೆ ಅಂತ ನೋಡೋಕೇ ಇಷ್ಟೆಲ್ಲ."

ಅವರು "ಹೂಂ" ಎಂದರು. ಅದು ಮೆಚ್ಚುಗೆಯೋ ಸಂಶಯವೋ ತಿಳಿಯಲಿಲ್ಲ. ಎರಡನೆಯ ಚುಕ್ಕಿ ಬಂತು. ಮೂರನೆಯದು. ಗೆರೆ ಮಟ್ಟವಾಗಿಯೇ ಮುಂದೆ ಸಾಗುತ್ತಿತ್ತು. ಐದನೆಯ ಚುಕ್ಕಿಯ ಹೊತ್ತಿಗೆ ನಾನು ಉಸಿರು ಬಿಗಿಹಿಡಿದು ಅವರ ಕಡೆ ತಿರುಗಿದೆ, ಕ್ಷಮೆ ಕೇಳುವ ಮಾತನ್ನು ಕೊನೆಗೂ ನಾಲಿಗೆಯ ತುದಿಗೆ ತಂದುಕೊಂಡು.

ಅವರಿಗೆ ನಿದ್ದೆ ಬಂದಿತ್ತು. ಬೆನ್ನು ನೆಟ್ಟಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಐದನೆಯ ಚುಕ್ಕಿ ಜಾರದೆ ಮೂಡಿದ್ದನ್ನು ಅವರು ನೋಡಲೇ ಇಲ್ಲ. ಎಬ್ಬಿಸೋಣವೆಂದು ಕೈ ಚಾಚಿದವಳು ನಿಂತೆ. ತೊಡೆಯ ಮೇಲಿನ ಚೀಲ ಒಂದು ಪಕ್ಕಕ್ಕೆ ವಾಲಿ ಮೆಲ್ಲಗೆ ಜಾರತೊಡಗಿತ್ತು. ಅದು ನೆಲಕ್ಕೆ ಬೀಳುವ ಮೊದಲೇ ಹಿಡಿದು ನನ್ನ ಮಡಿಲಿಗೆ ಇಟ್ಟುಕೊಂಡೆ. ಒಳಗೆ ಸಂಜೆಯ ಅಡುಗೆಗೆ ಕೊಂಡ ಸೊಪ್ಪು ಇತ್ತು, ಇನ್ನೂ ಒದ್ದೆಯಾಗಿತ್ತು. ಮುಂದಿನ ಚುಕ್ಕಿಗೆ ಹನ್ನೆರಡು ನಿಮಿಷವಿತ್ತು. ಸದ್ದು ಮಾಡದೆ ಕೂತೆ.